ಸೆವಿಲ್‌ನಲ್ಲಿ ಒಂದು ಸಂಜೆ: ಮೊಟ್ಟೆಯೂ ತಿನ್ನದವರಿಗೆ ಟಾಪಸ್ ಆಗುತ್ತದಾ?

ಹಾಸನದ ಮನೆಯಾಕೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ಪೇನ್‌ನಲ್ಲಿ ಇರುವವರು, ಇದ್ದು ಬಂದವರು ಇಲ್ಲಿ ಕೆಲವರು ಇದ್ದೀರಿ ಅಂತ ಹಳೆಯ ಪೋಸ್ಟ್‌ಗಳಲ್ಲಿ ನೋಡಿದೆ. ಅದಕ್ಕೇ ಧೈರ್ಯ ಮಾಡಿ ಕೇಳುತ್ತಿದ್ದೇನೆ.

ನಮ್ಮ ಮಗಳು ಮ್ಯಾಡ್ರಿಡ್‌ನಲ್ಲಿ ಕೆಲಸದಲ್ಲಿದ್ದಾಳೆ. ಅಕ್ಟೋಬರ್‌ನಲ್ಲಿ ನಾವಿಬ್ಬರೂ ಅವಳಲ್ಲಿಗೆ ಹೊರಟಿದ್ದೇವೆ. ಅದೇ ತಿಂಗಳು ನಮ್ಮ ಮದುವೆಯಾಗಿ 30 ವರ್ಷ ತುಂಬುತ್ತದೆ. ನೀವಿಬ್ಬರೇ ಹೋಗಿ ಬನ್ನಿ ಅಂತ ಎರಡು ರಾತ್ರಿಗೆ ಸ್ಪೇನಿನ ದಕ್ಷಿಣದ ಸೆವಿಲ್ ಊರಿನಲ್ಲಿ ರೂಮು ಮಾಡಿದ್ದಾಳೆ, ರೈಲಿನ ಟಿಕೆಟ್ಟೂ ತೆಗೆದಿದ್ದಾಳೆ. "ಒಂದು ಸಂಜೆ ಟಾಪಸ್ ತಿನ್ನೋಕೆ ಹೋಗಲೇಬೇಕು ಅಮ್ಮಾ, ಅದಿಲ್ಲದೆ ಸೆವಿಲ್ ನೋಡಿದ ಹಾಗಲ್ಲ" ಅನ್ನುತ್ತಾಳೆ. ಟಾಪಸ್ ಅಂದರೆ ಅಲ್ಲಿನ ಬಾರ್‌ಗಳಲ್ಲಿ ಕೊಡುವ ತಿನಿಸಂತೆ.

ನಮ್ಮ ಯಜಮಾನರು ಮೊಟ್ಟೆಯನ್ನೂ ಮುಟ್ಟುವವರಲ್ಲ. ಈರುಳ್ಳಿ ಬೆಳ್ಳುಳ್ಳಿ ಆಗುತ್ತದೆ, ಹಾಲು ಮೊಸರು ಆಗುತ್ತದೆ, ಅಷ್ಟೇ. ಕುಡಿಯುವುದಿಲ್ಲ. ನಾನು ಹೊರಗೆ ಹೋದಾಗ ಮೊಟ್ಟೆ ತಿನ್ನುತ್ತೇನೆ. ಹೈಸ್ಕೂಲಿನಲ್ಲಿ 34 ವರ್ಷ ಗಣಿತ ಹೇಳಿಕೊಟ್ಟು ನಿವೃತ್ತರಾದವರು ಅವರು. ಯಾರಿಗೂ ತೊಂದರೆ ಕೊಡಬಾರದು ಅನ್ನುವ ಸ್ವಭಾವ. ಅದೇ ನನಗೆ ಸಂಕಟ. ಊರು ಬಿಟ್ಟು ಎಲ್ಲಿಗೇ ಹೋಗಲಿ, ಹೋಟೆಲಿನಲ್ಲಿ ಕೂತ ತಕ್ಷಣ "ನೀನು ತಿನ್ನು, ನನಗೇನೂ ಅಷ್ಟು ಹಸಿವಿಲ್ಲ" ಅಂತಾರೆ. ಆಮೇಲೆ ರೂಮಿಗೆ ಬಂದು ಡಬ್ಬಿಯಿಂದ ಅವಲಕ್ಕಿ ತೆಗೆದು ಮೊಸರಲ್ಲಿ ಕಲಸಿಕೊಳ್ಳುತ್ತಾರೆ. ನಾನು ಎದುರು ಕೂತು ನೋಡುತ್ತೇನೆ. ಬಾಯಲ್ಲಿ ಏನಿದ್ದರೂ ಆವತ್ತು ತಿಂದಿದ್ದು ಮೈಗೆ ಹತ್ತುವುದಿಲ್ಲ.

ಮದುವೆಯಾದ ಹೊಸದರಲ್ಲಿ ಹಾಸನದ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಮಸಾಲೆ ದೋಸೆ ತೆಗೆದುಕೊಂಡು ಇಬ್ಬರೂ ಒಂದೇ ತಟ್ಟೆಯಲ್ಲಿ ತಿಂದಿದ್ದೆವು. ದುಡ್ಡು ಅಷ್ಟೇ ಇತ್ತು. ಟಾಪಸ್ ಅಂದರೆ ಚಿಕ್ಕ ಚಿಕ್ಕ ತಟ್ಟೆ, ಎಲ್ಲರೂ ಹಂಚಿಕೊಂಡು ತಿನ್ನುವುದು ಅಂತ ಮಗಳು ಹೇಳಿದಾಗ ನನಗೆ ಆ ದೋಸೆ ನೆನಪಾಯಿತು. ಒಂದೇ ಒಂದು ಸಂಜೆ ಅವರೂ ನಾನೂ ಒಂದೇ ತಟ್ಟೆಯಿಂದ ಹೊಟ್ಟೆತುಂಬ ತಿನ್ನಬೇಕು. ಅವರಿಗೆ ಮುಜುಗರ ಆಗಬಾರದು. ಇದು ಆಗುವ ಮಾತಾ? ಏನು ಕೇಳಬೇಕು, ಏನು ಬಿಡಬೇಕು? ಇಂಡಿಯನ್ ರೆಸ್ಟೋರೆಂಟಿನ ಹೆಸರು ಬೇಡ, ಅದನ್ನು ಮಗಳೇ ಹುಡುಕಿದ್ದಾಳೆ.

---

ಮಲೆನಾಡಿನವನು ಉತ್ತರಿಸಿದ್ದು:

ಅಕ್ಕಾ, ಆಗುತ್ತದೆ. ಖಂಡಿತ ಆಗುತ್ತದೆ. ನಾನು ಸೆವಿಲ್‌ನಲ್ಲಿ ಆರು ವರ್ಷ ಇದ್ದವನು. ನನ್ನ ಹೆಂಡತಿ ನಿಮ್ಮ ಯಜಮಾನರ ಹಾಗೇ, ಮೊಟ್ಟೆಯೂ ಇಲ್ಲ. ನಾವಿಬ್ಬರೂ ಆ ಊರಲ್ಲಿ ಕಳೆದ ಒಳ್ಳೆಯ ಸಂಜೆಗಳೆಲ್ಲ ಟಾಪಸ್ ಬಾರ್‌ಗಳಲ್ಲೇ.

ಮೊದಲು ಒಂದು ಎಚ್ಚರಿಕೆ. "ಸೋಯ್ ವೆಹೆತಾರಿಯಾನೊ", ಅಂದರೆ ನಾನು ಸಸ್ಯಾಹಾರಿ, ಅಂತ ಹೇಳಿದರೆ ಸಾಲದು. ನಾವು ಹೋದ ಮೊದಲ ವಾರ ಹಾಗೇ ಹೇಳಿದೆವು. ಮಾಣಿ ನಗುನಗುತ್ತಾ ತಲೆಯಾಡಿಸಿ ಸಲಾಡ್ ತಂದಿಟ್ಟ. ಮೇಲೆ ಟ್ಯೂನಾ ಮೀನು. ಕಾರ್ನೆ ಬೇಡ, ಮಾಂಸ ಬೇಡ ಅಂದೆವು. ಅದನ್ನು ತೆಗೆದು ಕ್ರೊಕೆತಾ ತಂದ, ನಮ್ಮ ಆಲೂ ಬೋಂಡಾ ಥರ ಕರಿದದ್ದು. ಮುರಿದು ನೋಡಿದರೆ ಒಳಗೆ ಹಂದಿಮಾಂಸದ ಸಣ್ಣ ಸಣ್ಣ ಚೂರು. ಅವನದು ಕೆಟ್ಟ ಮನಸ್ಸಲ್ಲ. ಅವರ ಮಾತಿನಲ್ಲಿ ಕಾರ್ನೆ ಅಂದರೆ ದೊಡ್ಡ ತುಂಡು ಮಾಂಸ. ಹಾಮೋನ್, ಅಂದರೆ ಉಪ್ಪು ಹಚ್ಚಿ ಒಣಗಿಸಿದ ಹಂದಿ ತೊಡೆ, ಅದು ಬೇರೆಯೇ ಲೆಕ್ಕ. ನಮ್ಮಲ್ಲಿ ಒಗ್ಗರಣೆಗೆ ಇಂಗು ಹಾಕುವಷ್ಟೇ ಸಹಜವಾಗಿ ಅದನ್ನು ಎಲ್ಲದರ ಮೇಲೂ ಉದುರಿಸುತ್ತಾರೆ.

ಆಮೇಲೆ ನಾವು ಒಂದೊಂದರ ಹೆಸರು ಹಿಡಿದೇ ಹೇಳಲು ಕಲಿತೆವು. ಇದನ್ನು ಕನ್ನಡದಲ್ಲೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಓದಿ:

"ನೋ ಕೊಮೇಮೊಸ್ ಕಾರ್ನೆ, ನಿ ಹಾಮೋನ್, ನಿ ಪೆಸ್ಕಾದೊ, ನಿ ಅತೂನ್, ನಿ ಊಎವೊ." ಮಾಂಸ, ಹಾಮೋನ್, ಮೀನು, ಟ್ಯೂನಾ, ಮೊಟ್ಟೆ ಯಾವುದನ್ನೂ ನಾವು ತಿನ್ನುವುದಿಲ್ಲ ಅಂತ ಅರ್ಥ. ಇಷ್ಟು ಹೇಳಿದ ಮೇಲೆ ನಮಗೆ ಒಮ್ಮೆಯೂ ತಪ್ಪು ತಟ್ಟೆ ಬಂದಿಲ್ಲ. ಅವರಿಗೂ ಇದರಿಂದ ಏನೂ ಬೇಜಾರಿಲ್ಲ, ಬದಲಿಗೆ ನಿರಾಳ.

ಇನ್ನು ತಿನ್ನುವ ವಿಚಾರ. ನಿಮ್ಮ ಯಜಮಾನರಿಗೆ ಅಂತಲೇ ಮಾಡಿಟ್ಟ ಹಾಗಿರುವ ಒಂದು ತಿನಿಸು ಸೆವಿಲ್‌ನಲ್ಲಿದೆ: ಎಸ್ಪಿನಾಕಾಸ್ ಕೋನ್ ಗರ್ಬಾನ್ಸೊಸ್. ಪಾಲಕ್ ಸೊಪ್ಪು, ಕಾಬೂಲಿ ಕಡಲೆ. ಬ್ರೆಡ್ಡನ್ನು ಆಲಿವ್ ಎಣ್ಣೆಯಲ್ಲಿ ಕರಿದು, ಬೆಳ್ಳುಳ್ಳಿ, ಜೀರಿಗೆ ಜೊತೆ ಅರೆದು, ಸೊಪ್ಪಿಗೆ ಸೇರಿಸುತ್ತಾರೆ. ಗಟ್ಟಿ ಗೊಜ್ಜಿನ ಹದ. ಚಿಕ್ಕ ಮಣ್ಣಿನ ಬಟ್ಟಲಲ್ಲಿ ಬರುತ್ತದೆ. ಅಂಚಿನಲ್ಲಿ ಎಣ್ಣೆ ಕೆಂಪಗೆ ಬಿಟ್ಟುಕೊಂಡಿರುತ್ತದೆ. ಜೀರಿಗೆಯ ವಾಸನೆ ಬಂದ ಕೂಡಲೇ ನನ್ನ ಹೆಂಡತಿ "ಯಾರೋ ನಮ್ಮ ಕಡೆಯವರು ಒಳಗೆ ಅಡಿಗೆ ಮಾಡ್ತಿದ್ದಾರೆ" ಅಂದಿದ್ದಳು. ಈಸ್ಟರ್‌ಗೆ ಮುಂಚಿನ ವಾರಗಳಲ್ಲಿ ಇದೇ ಥರದ್ದಕ್ಕೆ ಒಣಮೀನು ಸೇರಿಸಿ ಪೊತಾಹೆ ಅಂತ ಮಾಡುತ್ತಾರೆ. ನೀವು ಹೋಗುವುದು ಅಕ್ಟೋಬರ್, ಆದರೂ ಒಂದು ಮಾತು ಕೇಳಿ: "ಯೇವಾ ಕಾಲ್ದೊ ದೆ ಕಾರ್ನೆ?" ಮಾಂಸದ ಸಾರು ಹಾಕಿದ್ದೀರಾ ಅಂತ.

ಇದನ್ನು ತಿನ್ನಲು ನಾನು ಹೇಳುವ ಜಾಗ ಎಲ್ ರಿಂಕೊನ್ಸಿಯೊ. ಸಾಂತಾ ಕತಾಲಿನಾ ಚರ್ಚಿನ ಹತ್ತಿರ. 1670ರಲ್ಲಿ ಶುರುವಾದ ಬಾರ್ ಅದು. ಮರದ ಕಟ್ಟೆಯ ಮುಂದೆ ನಿಂತು ತಿನ್ನಬೇಕು. ನೀವು ತೆಗೆದುಕೊಂಡದ್ದನ್ನು ಕಟ್ಟೆಯ ಮೇಲೆಯೇ ಸೀಮೆಸುಣ್ಣದಲ್ಲಿ ಬರೆಯುತ್ತಾ ಹೋಗುತ್ತಾರೆ, ಕೊನೆಯಲ್ಲಿ ಕೂಡಿಸಿ ದುಡ್ಡು ಇಸಿದುಕೊಂಡು ಒರೆಸುತ್ತಾರೆ. ಒಂದು ವಿಷಯ ಮುಚ್ಚಿಡಬಾರದು. ಅಲ್ಲಿ ತಲೆಯ ಮೇಲೆ ಸಾಲಾಗಿ ಹಾಮೋನ್ ತೂಗುಹಾಕಿರುತ್ತಾರೆ. ಹಳೆಯ ಬಾರ್‌ಗಳಲ್ಲಿ ಇದು ಸಾಮಾನ್ಯ. ಯಜಮಾನರಿಗೆ ಮೊದಲೇ ಹೇಳಿ ಕರೆದುಕೊಂಡು ಹೋಗಿ.

ಮತ್ತೆ, ಒಂದೇ ಕಡೆ ಹೊಟ್ಟೆ ತುಂಬಿಸಿಕೊಳ್ಳಬೇಡಿ ಅಕ್ಕಾ. ಒಂದು ಬಾರ್‌ನಲ್ಲಿ ಒಂದು ತಟ್ಟೆ, ಎರಡು ಫೋರ್ಕ್. ಅಲ್ಲಿಂದ ನಡೆಯುವುದು. ಇನ್ನೊಂದು ಕಡೆ ಇನ್ನೊಂದು. ಊರಿನವರೂ ಹಾಗೇ ತಿನ್ನುವುದು. ತಾಪಾ (ಟಾಪಸ್ ಅನ್ನುವುದರ ಏಕವಚನ) ಅಂದರೆ ಚಿಕ್ಕ ತಟ್ಟೆ, ಮೇದಿಯಾ ರಾಸಿಯೋನ್ ಅಂದರೆ ಅದಕ್ಕಿಂತ ದೊಡ್ಡದು, ರಾಸಿಯೋನ್ ಅಂದರೆ ಪೂರ್ತಿ ತಟ್ಟೆ. ಯಾವಾಗಲೂ ತಾಪಾ ಅಂತಲೇ ಕೇಳಿ. ರಾತ್ರಿ ಎಂಟೂವರೆಗೆ ಮುಂಚೆ ಎಷ್ಟೋ ಕಡೆ ಅಡಿಗೆಮನೆ ತೆರೆದಿರುವುದಿಲ್ಲ. ಸಂಜೆ ಆರಕ್ಕೆ ಏನಾದರೂ ಸ್ವಲ್ಪ ತಿಂದುಕೊಂಡಿರಿ.

ಕುಡಿಯಲು "ಸೂಮೊ" ಅಂದರೆ ಹಣ್ಣಿನ ರಸ. ದ್ರಾಕ್ಷಿ ರಸಕ್ಕೆ ಮೋಸ್ತೊ ಅನ್ನುತ್ತಾರೆ. ಆದರೆ ಸೆವಿಲ್ ಪಕ್ಕದ ಅಲ್ಹರಾಫೆ ಊರುಗಳಲ್ಲಿ ಮೋಸ್ತೊ ಅಂದರೆ ಆ ವರ್ಷದ ಹೊಸ ವೈನು. "ಸಿನ್ ಆಲ್ಕೋಲ್" ಅಂತ ಸೇರಿಸಿ ಕೇಳಿ.

---

ಗ್ರನಾಡಾದಲ್ಲಿ ಓದಿದವಳು ಉತ್ತರಿಸಿದ್ದು:

ಆಂಟಿ, ನಿಮ್ಮ ಪ್ರಶ್ನೆ ಓದಿ ನಮ್ಮ ಅಪ್ಪ ಅಮ್ಮ ನೆನಪಾದರು. ಅವರೂ ಹೀಗೇ, ಅವಲಕ್ಕಿ ಡಬ್ಬಿ ಸಮೇತ ಬಂದಿದ್ದರು.

ಮುಂದೆ ಯಾವತ್ತಾದರೂ ಗ್ರನಾಡಾಕ್ಕೆ ಹೋದರೆ ಗೊತ್ತಿರಲಿ. ಅಲ್ಲಿ ಪದ್ಧತಿ ಬೇರೆ. ಒಂದು ಡ್ರಿಂಕ್ ತೆಗೆದುಕೊಂಡರೆ ಒಂದು ತಾಪಾ ಸುಮ್ನೆ ಬರುತ್ತದೆ, ಅದಕ್ಕೆ ದುಡ್ಡಿಲ್ಲ. ಜ್ಯೂಸು ಸೋಡಾ ತೆಗೆದುಕೊಂಡರೂ ಕೊಡುತ್ತಾರೆ. ಆದರೆ ಏನು ಬರುತ್ತದೆ ಅನ್ನುವುದು ಅವರಿಷ್ಟ. ಹಾಗಾಗಿ ಡ್ರಿಂಕ್ ಹೇಳುವಾಗಲೇ ನಮಗೆ ಇಂಥದ್ದು ಆಗಲ್ಲ ಅಂತ ಹೇಳಬೇಕು. ತಟ್ಟೆ ಬಂದ ಮೇಲೆ ಹೇಳಿದರೆ ಅವರಿಗೂ ಕಷ್ಟ, ನಮಗೂ ಕಷ್ಟ. ಸೆವಿಲ್‌ನಲ್ಲಿ ಹಾಗಲ್ಲ. ತಾಪಾಕ್ಕೆ ದುಡ್ಡು ಕೊಡುತ್ತೀರಿ, ಬೇಕಾದ್ದನ್ನೇ ಆರಿಸಿಕೊಳ್ಳುತ್ತೀರಿ. ನಿಮ್ಮ ಯಜಮಾನರಿಗೆ ಅದೇ ಒಳ್ಳೆಯದು.

ಆಲಿವ್ ಕಾಯಿ ಕೇಳುವಾಗ ಜೋಪಾನ. ಹಸಿರು ಆಲಿವ್‌ನ ಬೀಜ ತೆಗೆದು ಒಳಗೆ ಆಂಚೊವಿ ಮೀನು ತುಂಬಿರುವುದು ಬಹಳ ಕಡೆ ಸಿಗುತ್ತದೆ. ಮೇಲಿನಿಂದ ನೋಡಿದರೆ ಗೊತ್ತೇ ಆಗಲ್ಲ. ಬೀಜ ಇರುವ ಗೊರ್ದಾಲ್ ಅನ್ನುವ ಆಲಿವ್ ಕೇಳಿ, ನೆಲ್ಲಿಕಾಯಿ ಗಾತ್ರ ಇರುತ್ತದೆ.

ಬದನೆಕಾಯಿ ತಿಂತಾರಾ? ಸೆವಿಲ್ ಇರುವ ಆಂದಲೂಸಿಯಾ ಕಡೆ ಬದನೆಕಾಯಿ ಕರಿದು ಮೇಲೆ ಮಿಯೆಲ್ ದೆ ಕಾನ್ಯಾ ಹಾಕಿ ಕೊಡುತ್ತಾರೆ. ಮಿಯೆಲ್ ಅಂದರೆ ಜೇನು ನಿಜ, ಆದರೆ ಇದು ಜೇನಲ್ಲ. ಕಬ್ಬಿನ ಹಾಲು ಕಾಯಿಸಿ ಮಾಡಿದ್ದು. ಪಕ್ಕಾ ನಮ್ಮ ಜೋನಿ ಬೆಲ್ಲ! ಮಾಲಗಾ ಹತ್ತಿರ ಫ್ರಿಹಿಲಿಯಾನಾ ಅನ್ನುವ ಊರಲ್ಲಿ ಈಗಲೂ ಮಾಡುತ್ತಾರೆ. ಬದನೆಕಾಯಿ ಬಜ್ಜಿ ಮೇಲೆ ಜೋನಿ ಬೆಲ್ಲ ಅಂದರೆ ವಿಚಿತ್ರ ಅನಿಸುತ್ತೆ, ತಿಂದು ನೋಡಿ.

---

ಧಾರವಾಡದಾಂವ ಉತ್ತರಿಸಿದ್ದು:

ಅಕ್ಕಾರ, ಬದನೆಕಾಯಿ ಚಲೋನೇ ಇರತದ. ಆದರ ಎಣ್ಣೆ ವಿಚಾರ ಕೇಳ್ರಿ. ಆ ಕಡೆ ಮೀನು ಕರಿಯೋದು ಭಾಳ. ಬದನೆಕಾಯಿಯನ್ನೂ ಅದೇ ಎಣ್ಣೆಯಲ್ಲಿ ಕರಿದಿರಬಹುದು. ನನಗೆ ನಡೆಯುತ್ತದೆ, ನಿಮ್ಮ ಯಜಮಾನರಿಗೆ ನಡೆಯುತ್ತದೋ ಇಲ್ಲವೋ ಅವರೇ ಹೇಳಬೇಕು. ಕೇಳದೆ ತಿಂದು ಆಮೇಲೆ ಗೊತ್ತಾದರೆ ಮನಸ್ಸಿಗೆ ಕಸಿವಿಸಿ ಆಗುತ್ತದೆ.

ಚೀಸ್ ಕೂಡ ಹಾಗೇ. ಮಾಂಚೆಗೊ ಹೆಸರುವಾಸಿ, ಆದರೆ ಹಾಲು ಒಡೆಸಲು ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುವುದೇ ಜಾಸ್ತಿ. ಎಕ್ಸ್ತ್ರೆಮದೂರಾ ಕಡೆಯ ತೋರ್ತಾ ದೆಲ್ ಕಾಸಾರ್ ಅನ್ನುವ ಚೀಸ್ ಇದೆ. ಅದಕ್ಕೆ ಒಂದು ಜಾತಿಯ ಮುಳ್ಳುಗಿಡದ ಹೂವಿನ ಕೇಸರ ಹಾಕಿ ಹಾಲು ಒಡೆಸುತ್ತಾರೆ. ಒಳಗೆ ಬೆಣ್ಣೆ ಥರ ಮೆತ್ತಗಿರುತ್ತದೆ. ಸಿಕ್ಕರೆ ಬಿಡಬೇಡಿ.

---

ಹಾಸನದ ಮನೆಯಾಕೆ ಬರೆದದ್ದು:

ಎಷ್ಟೊಂದು ಬರೆದಿದ್ದೀರಿ ಎಲ್ಲರೂ! ಅವರಿಗೆ ಓದಿ ಹೇಳಿದೆ. ಎಣ್ಣೆ ವಿಷಯ ಕೇಳಿ "ಅದು ಬೇಡ" ಅಂದರು. ಜೋನಿ ಬೆಲ್ಲದ ಆಸೆ ನಾನೂ ಬಿಟ್ಟೆ. ಕಡಲೆಕಾಳಿನ ಮಾತು ಬಂದಾಗ ಮಾತ್ರ ಕನ್ನಡಕ ತೆಗೆದು "ಜೀರಿಗೆ ಹಾಕ್ತಾರಂತಾ?" ಅಂತ ಎರಡು ಸಲ ಕೇಳಿದರು. ಒಂದೇ ಚಿಂತೆ, ಅವರಿಗೆ ಮಂಡಿ ನೋವು. ಬಹಳ ಹೊತ್ತು ನಿಲ್ಲಲು ಆಗುವುದಿಲ್ಲ.

---

ಮಲೆನಾಡಿನವನು ಉತ್ತರಿಸಿದ್ದು:

ಅಕ್ಕಾ, ನಿಲ್ಲುವುದು ಒಂದೇ ಕಡೆ ಇರಲಿ, ಹತ್ತು ಹದಿನೈದು ನಿಮಿಷ. ಉಳಿದ ಕಡೆ ಹೊರಗೆ ಕುರ್ಚಿ ಹಾಕಿರುತ್ತಾರೆ, ತೆರಾಸಾ ಅನ್ನುತ್ತಾರೆ. ಕೆಲವು ಕಡೆ ಅಲ್ಲಿ ಕೂತರೆ ರೇಟು ಸ್ವಲ್ಪ ಜಾಸ್ತಿ. ಕೊಡಿ, ಮಂಡಿಗಿಂತ ದೊಡ್ಡದಲ್ಲ. ಮೊದಲ ಬಾರ್ ಆದ ಮೇಲೆ ಟ್ಯಾಕ್ಸಿ ಮಾಡಿಕೊಂಡು ಟ್ರಿಯಾನಾ ಸೇತುವೆ ತನಕ ಹೋಗಿ. ಸೇತುವೆ ಮಾತ್ರ ನಡೆದೇ ದಾಟಿ. ಆಚೆ ದಡದಲ್ಲಿ ಕೂರಲು ಬೇಕಾದಷ್ಟು ಜಾಗ ಇದೆ. ಎಣ್ಣೆಯ ಅನುಮಾನ ಇದ್ದರೆ ತಣ್ಣಗಿನ ತಿನಿಸು ಕೇಳಿ. ಸಾಲ್ಮೊರೆಹೊ: ಟೊಮೇಟೊ, ಬ್ರೆಡ್, ಬೆಳ್ಳುಳ್ಳಿ, ಆಲಿವ್ ಎಣ್ಣೆ ಸೇರಿಸಿ ರುಬ್ಬಿದ್ದು. ಮೇಲೆ ಮೊಟ್ಟೆ, ಹಾಮೋನ್ ಉದುರಿಸುತ್ತಾರೆ. "ಸಿನ್ ಹಾಮೋನ್, ಸಿನ್ ಊಎವೊ" ಅಂದರೆ ಎರಡೂ ಬಿಟ್ಟು ಕೊಡುತ್ತಾರೆ. ಪಾಪಾಸ್ ಅಲಿನ್ಯಾಸ್: ಬೇಯಿಸಿದ ಆಲೂಗಡ್ಡೆಗೆ ಈರುಳ್ಳಿ, ವಿನೆಗರ್, ಎಣ್ಣೆ. ಅದಕ್ಕೂ "ಸಿನ್ ಅತೂನ್, ಸಿನ್ ಊಎವೊ" ಹೇಳಿ.

---

ಹಾಸನದ ಮನೆಯಾಕೆ ಬರೆದದ್ದು (ನವೆಂಬರ್):

ಹೋಗಿ ಬಂದೆವು. ಊರಿಗೆ ಬಂದು ಎರಡು ವಾರ ಆಯಿತು. ನಿಮಗೆಲ್ಲ ಹೇಳದಿದ್ದರೆ ಮನಸ್ಸು ತಡೆಯುವುದಿಲ್ಲ.

ಮ್ಯಾಡ್ರಿಡ್‌ನಿಂದ ರೈಲಿನಲ್ಲಿ ಎರಡೂವರೆ ಗಂಟೆ. ದಾರಿಯುದ್ದಕ್ಕೂ ಆಲಿವ್ ಗಿಡಗಳ ಸಾಲು. ಯಜಮಾನರು ಸಾಲು ಎಣಿಸಲು ಹೊರಟು ನಿದ್ದೆ ಹೋದರು. ರಾತ್ರಿ ಎಂಟೂವರೆಗೆ ಸರಿಯಾಗಿ ಎಲ್ ರಿಂಕೊನ್ಸಿಯೊ ಮುಂದಿದ್ದೆವು. ಒಳಗೆ ಕಾಲಿಟ್ಟ ಕೂಡಲೇ ಅವರು ಒಮ್ಮೆ ಮೇಲೆ ನೋಡಿದರು. ಮೊದಲೇ ಹೇಳಿದ್ದರಿಂದ ಏನೂ ಮಾತಾಡಲಿಲ್ಲ. ನಾನು ಚೀಟಿ ತೆಗೆದು ಓದಲು ಶುರು ಮಾಡಿದೆ. ಹಾಮೋನ್ ತನಕ ಬಂದು ನಾಲಿಗೆ ತೊಡರಿತು. ಆಗ ಇವರು ಚೀಟಿ ಇಸಿದುಕೊಂಡು, ಕ್ಲಾಸಿನಲ್ಲಿ ಪ್ರಮೇಯ ಓದುವ ದನಿಯಲ್ಲಿ, ಕೊನೆಯ ತನಕ ಓದಿದರು. ಯಾರಿಗೂ ತೊಂದರೆ ಕೊಡಬಾರದು ಅನ್ನುವ ಮನುಷ್ಯ! ಕಟ್ಟೆಯ ಆಚೆ ಇದ್ದವರು ಪೂರ್ತಿ ಕೇಳಿ, "ಎಸ್ಪಿನಾಕಾಸ್" ಅಂದರು. ಕಾಲ್ದೊ ಕೇಳಿದ್ದಕ್ಕೆ ಇಲ್ಲ ಇಲ್ಲ ಅಂತ ಬೆರಳಾಡಿಸಿದರು.

ಬಟ್ಟಲು ಬಂತು. ಅಂಗೈಯಲ್ಲಿ ಹಿಡಿಯುವಷ್ಟು. ನಾನು ಮೊದಲು ತಿನ್ನಲಿಲ್ಲ, ಅವರ ಮುಖ ನೋಡುತ್ತಾ ನಿಂತೆ. ಒಂದು ಚೂರು ಬ್ರೆಡ್ಡಿನಲ್ಲಿ ಗೋರಿ ಬಾಯಿಗಿಟ್ಟುಕೊಂಡರು. ಅಗಿದರು. ಇನ್ನೊಂದು ಚೂರು ಮುರಿದರು. ಬಟ್ಟಲನ್ನು ನನ್ನ ಕಡೆ ಸ್ವಲ್ಪ ಸರಿಸಿ, "ತಗೋ, ಬಿಸಿ ಇರುವಾಗಲೇ ತಿನ್ನು" ಅಂದರು. ನನಗೆ ಗಂಟಲು ಕಟ್ಟಿತು. ಕೊನೆಯ ಎರಡು ಕಡಲೆಕಾಳಿಗೆ ಬಂದಾಗ ಒಂದು ನಿನಗೆ, ಒಂದು ನನಗೆ ಅಂತ ಫೋರ್ಕಿನಲ್ಲೇ ಭಾಗ ಮಾಡಿದರು. ಆಮೇಲೆ ಅವರೇ ಬೆರಳೆತ್ತಿ ಇನ್ನೊಂದು ಬಟ್ಟಲು ಹೇಳಿದರು. 30 ವರ್ಷದಲ್ಲಿ ಹೊರಗಡೆ ಅವರು ಎರಡನೇ ಸಲ ಕೇಳಿ ತಿಂದಿದ್ದು ನಾನು ನೋಡಿಲ್ಲ.

ಸೀಮೆಸುಣ್ಣದ ಲೆಕ್ಕ ಇದೆಯಲ್ಲ, ಅದನ್ನು ನೋಡಿ ಅವರಿಗೆ ಆದ ಖುಷಿ ಹೇಳಲಾರೆ. ಕಟ್ಟೆಯ ಮರ ಕೈ ಆಡಿ ಆಡಿ ಕಪ್ಪಗೆ ನುಣುಪಾಗಿದೆ. ಅದರ ಮೇಲೆ ಬಿಳಿ ಅಂಕಿ. ಬಾರಿನವರು ಕೂಡಿಸುವ ಮೊದಲೇ ಇವರು ಬಾಯಲ್ಲಿ ಕೂಡಿಸಿ ಮುಗಿಸಿದ್ದರು. ಒರೆಸಿದ ಮೇಲೆ ಉಳಿದ ಸೀಮೆಸುಣ್ಣದ ಪುಡಿಯನ್ನು ಬೆರಳಿಗೆ ಹತ್ತಿಸಿಕೊಂಡು, ಹೊರಗೆ ಬಂದು ದೀಪದ ಕೆಳಗೆ ನನಗೆ ತೋರಿಸಿದರು.

ಟ್ರಿಯಾನಾ ಸೇತುವೆ ನಡೆದೇ ದಾಟಿದೆವು. 1852ರ ಕಬ್ಬಿಣದ ಸೇತುವೆ. ಕೆಳಗೆ ಗ್ವಾದಲ್ಕಿವಿರ್ ನದಿ, ನೀರಲ್ಲಿ ದೀಪಗಳು. ಆಚೆ ಕುರ್ಚಿಯಲ್ಲಿ ಕೂತು ಆಲೂಗಡ್ಡೆ, ಸಾಲ್ಮೊರೆಹೊ ತಿಂದೆವು. ಆಲೂಗಡ್ಡೆ ನನಗೆ ಸಪ್ಪೆ ಅನಿಸಿತು, ಹಸಿಮೆಣಸಿನಕಾಯಿ ಇದ್ದಿದ್ದರೆ ಚೆನ್ನಾಗಿತ್ತು. ಸಾಲ್ಮೊರೆಹೊ ಅವರಿಗೆ ಹಿಡಿಸಿತು. ಪಕ್ಕದ ಮೇಜಿನಲ್ಲಿ ನಮ್ಮ ವಯಸ್ಸಿನದೇ ಒಂದು ಜೋಡಿ. ಅವರೂ ಒಂದೇ ತಟ್ಟೆ. ಮಾತೇನೂ ಆಡಲಿಲ್ಲ, ಏಳುವಾಗ ನಾಲ್ಕೂ ಜನ ಕೈ ಮಾಡಿದೆವು. ರೂಮಿಗೆ ಬಂದಾಗ ಹನ್ನೊಂದೂವರೆ. ಅವಲಕ್ಕಿ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ.

ಈಗ ಇನ್ನೊಂದು ಪ್ರಶ್ನೆ. ಮಲೆನಾಡಿನ ತಮ್ಮಾ, ಆ ಪಾಲಕ್ ಕಡಲೆ ಮನೆಯಲ್ಲಿ ಎರಡು ಸಲ ಮಾಡಿದೆ. ರುಚಿ ಹತ್ತಿರ ಬಂತು, ಹದ ಬರಲಿಲ್ಲ. ಬ್ರೆಡ್ ಎಷ್ಟು ಹಾಕಬೇಕು? ದಿನಾ ಕೇಳುತ್ತಾರೆ.

---

ಮಲೆನಾಡಿನವನು ಉತ್ತರಿಸಿದ್ದು:

ಅಕ್ಕಾ, ಇದನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. ಅವಳೇ ಪಕ್ಕದಲ್ಲಿ ಕೂತು ಹೇಳುತ್ತಿದ್ದಾಳೆ, ನಾನು ಬರೆಯುತ್ತಿದ್ದೇನೆ.

ಒಂದು ಲೋಟ ಕಡಲೆಗೆ ಎರಡು ಕಟ್ಟು ಪಾಲಕ್. ಬ್ರೆಡ್ ಎರಡೇ ಹೋಳು, ನಿನ್ನೆಯದಾದರೆ ಇನ್ನೂ ಒಳ್ಳೆಯದು. ಎಣ್ಣೆಯಲ್ಲಿ ಗರಿಗರಿ ಆಗುವ ತನಕ ಕರಿಯಿರಿ. ಅದೇ ಎಣ್ಣೆಯಲ್ಲಿ ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ. ಎಲ್ಲ ಸೇರಿಸಿ, ಒಂದು ಚಮಚ ವಿನೆಗರ್ ಹಾಕಿ ಅರೆಯಿರಿ. ಅವರು ಹಾಕುವ ಪಿಮೆಂತೋನ್ ಅನ್ನುವ ಕೆಂಪು ಮೆಣಸಿನ ಪುಡಿ ಸಿಗದಿದ್ದರೆ ಬ್ಯಾಡಗಿ ಮೆಣಸಿನ ಪುಡಿ ಅರ್ಧ ಚಮಚ, ಒಲೆ ಆರಿಸಿದ ಮೇಲೆ ಹಾಕಿ. ಬಿಸಿ ಎಣ್ಣೆಗೆ ಹಾಕಿದರೆ ಸೀದು ಕಹಿಯಾಗುತ್ತದೆ. ಕಡಲೆ ಬೇಯಿಸಿದ ನೀರು ಚೆಲ್ಲಬೇಡಿ. ಬ್ರೆಡ್ ನೀರು ಎಳೆದುಕೊಂಡು ಗಟ್ಟಿಯಾಗುತ್ತಾ ಹೋಗುತ್ತದೆ, ಬಡಿಸುವ ಮುಂಚೆ ಅದೇ ನೀರು ಒಂದು ಸೌಟು ಹಾಕಿ ತಿರುವಿ.